ತೂತು ಹೃದಯದಲ್ಲಿ, ಪೆಟ್ಟು ಶ್ವಾಸಕೋಶಕ್ಕೆ: ಎಳೆಗೂಸಿರುವ ಮನೆಗಳಿಗೊಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಎಳೆಯ ಮಕ್ಕಳನ್ನು ಸಾಕುತ್ತಿರುವ ತಾಯಿ-ತಂದೆಯರಿಗೆ, ಮನೆಯ ಹಿರಿಯರಾದ ಅಜ್ಜ-ಅಜ್ಜಿಯರಿಗೆ,



ನಾನು ಈ ಭಾಗದಲ್ಲಿ ಬಹಳ ವರ್ಷಗಳಿಂದ ಮಕ್ಕಳ ವೈದ್ಯ. ಕೂಸಿನ ಹೃದಯದಲ್ಲಿ ತೂತಿದೆ ಎಂದು ತಿಳಿದ ಮೇಲೆ ಮನೆಯವರು ಆಡುವ ಒಂದು ಮಾತಿಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ. “ಇನ್ನೂ ಸಣ್ಣ ಕೂಸ ಐತ್ರೀ ಸಾಹೇಬ್ರ, ಈಗ ಆಪರೇಶನ್ ಬ್ಯಾಡ. ಒಂದೀಟ ದೊಡ್ಡದಾಗ್ಲಿ, ಮೈ ಹಿಡೀಲಿ, ಆಮ್ಯಾಲ ನೋಡೂಣು.”

ಈ ಮಾತು ಪ್ರೀತಿಯಿಂದಲೇ ಬರುತ್ತದೆ. ಮೂರು ಕಿಲೋ ತೂಗುವ ಜೀವದ ಎದೆಗೆ ಕತ್ತರಿ ಹಾಕುವುದನ್ನು ಯಾವ ಅಜ್ಜಿಯ ಮನಸ್ಸು ಒಪ್ಪೀತು? ಆದರೆ ಕಾಯುವುದು ಯಾಕೆ ಅಪಾಯ ಎಂಬುದರ ಕಾರಣ ಹೃದಯದಲ್ಲಿಲ್ಲ, ಶ್ವಾಸಕೋಶದಲ್ಲಿದೆ. ಆಸ್ಪತ್ರೆಯ ಗದ್ದಲದಲ್ಲಿ, ಹೊರಗೆ ಐವತ್ತು ಜನ ಚೀಟಿ ಹಿಡಿದು ನಿಂತಿರುವಾಗ, ಇದನ್ನು ಬಿಡಿಸಿ ಹೇಳಲು ಆಗುವುದಿಲ್ಲ. ನಿಮ್ಮ ಮನೆಗೇ ಬಂದು ಕಟ್ಟೆಯ ಮೇಲೆ ಕೂತು ಹೇಳಿದ್ದೇನೆ ಎಂದುಕೊಂಡು ದಯವಿಟ್ಟು ಓದಿ. ಓದು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳು ಓದಿ ಹೇಳಿ.

ಹೃದಯದ ನಡುವೆ ಒಂದು ಗೋಡೆ ಇದೆ. ಗೋಡೆಯ ಬಲಕ್ಕಿರುವ ಎರಡು ಕೋಣೆಗಳು ಮೈಯೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡು ಬಂದ ರಕ್ತವನ್ನು ಶ್ವಾಸಕೋಶಕ್ಕೆ ನೂಕುತ್ತವೆ. ಎಡಕ್ಕಿರುವ ಎರಡು ಕೋಣೆಗಳು ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಮೈಗೆ ಕಳಿಸುತ್ತವೆ. ಮಿದುಳು, ಮೂತ್ರಪಿಂಡ, ಕೈಕಾಲು ಎಲ್ಲಕ್ಕೂ ಒಂದೊಂದು ಪಾಲು ಹೋಗುತ್ತದೆ. ಶ್ವಾಸಕೋಶಕ್ಕೆ ಮಾತ್ರ ಪಾಲಿಲ್ಲ, ಅಷ್ಟೂ ರಕ್ತ ಅದರೊಳಗಿಂದಲೇ ಹಾದು ಬರಬೇಕು. ದೊಡ್ಡವರಲ್ಲಿ ಅದು ನಿಮಿಷಕ್ಕೆ ಸುಮಾರು 5 ಲೀಟರ್.

ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ದೊಡ್ಡವರಲ್ಲಿ 30 ಕೋಟಿಗೂ ಹೆಚ್ಚು. ಪ್ರತಿ ಗೂಡಿನ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳು. ಕೆಂಪು ರಕ್ತಕಣಗಳು ಈ ಬಲೆಯಲ್ಲಿ ಒಂದರ ಹಿಂದೊಂದು ಸಾಲಾಗಿ ನುಸುಳುತ್ತವೆ. ಆರಾಮವಾಗಿ ಕೂತಿರುವಾಗ ಒಂದು ಕಣ ಅಲ್ಲಿ ಇರುವುದು ಸುಮಾರು ಮುಕ್ಕಾಲು ಸೆಕೆಂಡು. ಅದರಲ್ಲಿ ಕಾಲು ಸೆಕೆಂಡಿನಲ್ಲೇ ಅದಕ್ಕೆ ಬೇಕಾದಷ್ಟು ಆಮ್ಲಜನಕ ತುಂಬಿರುತ್ತದೆ. ಮಿಕ್ಕ ಅರ್ಧ ಸೆಕೆಂಡು ನಾವು ಓಡುವಾಗ, ಭಾರ ಹೊರುವಾಗ ಬೇಕಾಗುವ ಮೀಸಲು.

ಇಷ್ಟು ತೆಳುವಾದ ಜಾಗ ಹೆಚ್ಚಿನ ಒತ್ತಡ ತಾಳುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ ‘ಬಿ.ಪಿ. 120’ ಎನ್ನುತ್ತಾರಲ್ಲ, ಅದು ಹೃದಯದ ಎಡಭಾಗ ಮೈಗೆ ರಕ್ತ ನೂಕುವ ಒತ್ತಡ. ಬಲಭಾಗ ಶ್ವಾಸಕೋಶಕ್ಕೆ ರಕ್ತ ನೂಕುವ ಒತ್ತಡ ಸುಮಾರು 25 ಮಾತ್ರ. ನಡುವಿನ ಗೋಡೆ ಗಟ್ಟಿಯಾಗಿರುವವರೆಗೆ 120 ಆ ಕಡೆ, 25 ಈ ಕಡೆ. ಇದೊಂದು ವ್ಯವಸ್ಥೆಯ ಮೇಲೆ ನಮ್ಮ ಉಸಿರು ನಿಂತಿದೆ.

ಈ ಗೋಡೆಯ ಬಗ್ಗೆ ಮನುಷ್ಯರು ಸಾವಿರ ವರ್ಷ ತಪ್ಪು ತಿಳಿದಿದ್ದರು. ಗ್ಯಾಲನ್ ಎಂಬ ಪ್ರಾಚೀನ ಗ್ರೀಕ್ ವೈದ್ಯ, ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ಇಳಿಯುತ್ತದೆ ಎಂದು ಬರೆದಿಟ್ಟಿದ್ದ. ಅದನ್ನು ಅಲ್ಲಗಳೆದವನು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್-ನಫೀಸ್. 1242ರಲ್ಲಿ ಅವನು, ಗೋಡೆ ಗಟ್ಟಿಯಾಗಿದೆ, ಅದರಲ್ಲಿ ದಾರಿಯಿಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಗಾಳಿ ಬೆರೆಸಿಕೊಂಡೇ ಎಡಕ್ಕೆ ಬರಬೇಕು ಎಂದು ಬರೆದ. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪೂರ್ಣ ರಕ್ತಪರಿಚಲನೆಯನ್ನು ವಿವರಿಸಿದ. 1661ರಲ್ಲಿ ಇಟಲಿಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಆ ಕೂದಲೆಳೆಯ ನಾಳಗಳನ್ನು ಕಣ್ಣಾರೆ ಕಂಡ. ಗ್ಯಾಲನ್ ಊಹಿಸಿದ ರಂಧ್ರ ಆರೋಗ್ಯವಂತರಲ್ಲಿ ಇಲ್ಲ. ಆದರೆ ಹುಟ್ಟುವ ಸಾವಿರ ಕೂಸುಗಳಲ್ಲಿ ಎಂಟರಿಂದ ಹತ್ತಕ್ಕೆ ಹೃದಯದಲ್ಲಿ ಯಾವುದಾದರೊಂದು ಹುಟ್ಟುದೋಷ ಇರುತ್ತದೆ. ಅವುಗಳಲ್ಲಿ ಅತಿ ಹೆಚ್ಚು ಕಾಣುವುದು ಈ ಗೋಡೆಯ ತೂತೇ.

ತೂತು ದೊಡ್ಡದಿದ್ದರೆ ಏನಾಗುತ್ತದೆ? ಹೆಚ್ಚು ಒತ್ತಡವಿರುವ ಎಡಭಾಗದ ರಕ್ತ ಬಲಕ್ಕೆ ನುಗ್ಗುತ್ತದೆ. ಆಗಲೇ ಆಮ್ಲಜನಕ ತುಂಬಿಕೊಂಡು ಬಂದ ರಕ್ತ ಮೈಗೆ ಹೋಗದೆ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಮೈಗೆ ಹೋಗುವುದರ ಎರಡು ಪಟ್ಟು, ಮೂರು ಪಟ್ಟು ರಕ್ತ ಶ್ವಾಸಕೋಶದಲ್ಲಿ ಹರಿಯುತ್ತದೆ, ಅದೂ ಹೆಚ್ಚಿನ ಒತ್ತಡದಲ್ಲಿ. ಕೂಸು ನೀಲಿಯಾಗುವುದಿಲ್ಲ, ಬಣ್ಣ ಚೆನ್ನಾಗಿಯೇ ಇರುತ್ತದೆ. ಆದ್ದರಿಂದಲೇ ಮನೆಯವರಿಗೆ ಗಾಬರಿಯಾಗುವುದಿಲ್ಲ.

ಮುಧೋಳ-ಜಮಖಂಡಿಯ ರೈತರಿಗೆ ಇದನ್ನು ಒಂದು ಮಾತಿನಲ್ಲಿ ಹೇಳಬಹುದು. ಕಬ್ಬಿಗೆಂದು ಎರೆಭೂಮಿಗೆ ವರ್ಷಗಟ್ಟಲೆ ಮಿತಿಮೀರಿ ನೀರು ಬಿಟ್ಟರೆ ಹೊಲ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮೊದಲು ಬೆಳೆ ಹಸಿರಾಗಿಯೇ ಕಾಣುತ್ತದೆ. ಆಮೇಲೆ ಜವಳು, ಆಮೇಲೆ ಸವಳು. ಒಮ್ಮೆ ಸವಳಾದ ಹೊಲವನ್ನು ನೀರು ನಿಲ್ಲಿಸಿದ ಮಾತ್ರಕ್ಕೆ ಮೊದಲಿನಂತೆ ಮಾಡಲಾಗುವುದಿಲ್ಲ. ಶ್ವಾಸಕೋಶದ ರಕ್ತನಾಳಗಳಿಗೂ ಹೀಗೆಯೇ. ವಿಪರೀತ ರಕ್ತದ ಹೊಡೆತ ತಾಳಲಾರದೆ ಅವುಗಳ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ, ಕೊನೆಗೆ ಬಿರುಸಾಗುತ್ತದೆ. ಆರಂಭದಲ್ಲಿ ತೂತು ಮುಚ್ಚಿದರೆ ಅವು ಸುಧಾರಿಸಿಕೊಳ್ಳುತ್ತವೆ. ಒಂದು ಹಂತ ದಾಟಿದ ಮೇಲೆ ಸುಧಾರಿಸಿಕೊಳ್ಳುವುದಿಲ್ಲ.

“ಹುಟ್ಟಿದಾಗ ಡಾಕ್ಟ್ರು ಎಲ್ಲಾ ಸರಿ ಐತಿ ಅಂದಿದ್ರಲ್ರಿ?” ಎಂದು ಅನೇಕರು ಕೇಳುತ್ತಾರೆ. ಆ ವೈದ್ಯರು ಸುಳ್ಳು ಹೇಳಿರುವುದಿಲ್ಲ. ಹೊಟ್ಟೆಯಲ್ಲಿರುವಾಗ ಕೂಸು ಗಾಳಿ ಉಸಿರಾಡುವುದಿಲ್ಲ, ಅದರ ಆಮ್ಲಜನಕ ತಾಯಿಯಿಂದ ಹೊಕ್ಕುಳ ಬಳ್ಳಿಯ ಮೂಲಕ ಬರುತ್ತದೆ. ಆಗ ಶ್ವಾಸಕೋಶದ ನಾಳಗಳು ಮುದುಡಿಕೊಂಡಿರುತ್ತವೆ, ಅಲ್ಲಿ ಹರಿಯುವ ರಕ್ತ ಬಹಳ ಕಡಿಮೆ. ಮೊದಲ ಅಳುವಿನೊಂದಿಗೆ ಗಾಳಿ ಒಳಹೋಗಿ ನಾಳಗಳು ಬಿಚ್ಚಿಕೊಳ್ಳತೊಡಗುತ್ತವೆ. ಆದರೆ ಅಲ್ಲಿನ ಒತ್ತಡ ಪೂರ್ತಿ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡೂ ಕಡೆಯ ಒತ್ತಡದಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ ತೂತಿನ ಮೂಲಕ ರಕ್ತ ಅಷ್ಟಾಗಿ ನುಗ್ಗುವುದಿಲ್ಲ. ಹೀಗಾಗಿ ತೂತಿನಲ್ಲಿ ರಕ್ತ ನುಗ್ಗುವ ಸದ್ದು ಹುಟ್ಟಿದ ದಿನ ವೈದ್ಯರಿಗೆ ಕೇಳಿಸದೆ ಒಂದೂವರೆ ತಿಂಗಳಿಗೆ ಕೇಳಿಸುತ್ತದೆ.

ಆ ಹೊತ್ತಿಗೆ ನಮ್ಮ ಕಡೆ ಚೊಚ್ಚಲ ಬಾಣಂತಿ ಇರುವುದು ತವರುಮನೆಯಲ್ಲಿ. ಕೂಸಿನ ತೊಂದರೆಯನ್ನು ಮೊದಲು ಕಾಣುವವಳು ತಾಯಿಯ ತಾಯಿ. ತೀರ್ಮಾನ ತೆಗೆದುಕೊಳ್ಳಬೇಕಾದವರು ಗಂಡನ ಮನೆಯವರು. ಇವರು ಅವರಿಗೆ ಹೇಳಲು ಹಿಂಜರಿಯುತ್ತಾರೆ, ಅವರು ‘ನಮ್ಮ ಮನಿಗಿ ಬಂದ ಮ್ಯಾಲ ತೋರ್ಸೂಣು’ ಎನ್ನುತ್ತಾರೆ. ತೊಟ್ಟಿಲು ಎರಡು ಮನೆಗಳ ನಡುವೆ ಇರುವ ಈ ಎರಡು-ಮೂರು ತಿಂಗಳೇ ಅತ್ಯಂತ ಬೆಲೆಯುಳ್ಳ ಕಾಲ. ಬೀಗರೇ, ಇದರಲ್ಲಿ ಯಾರ ಮರ್ಯಾದೆಯ ಪ್ರಶ್ನೆಯೂ ಇಲ್ಲ. ಕೂಸು ಯಾವ ಮನೆಯಲ್ಲಿದೆಯೋ ಆ ಮನೆಯವರು ಅದೇ ದಿನ ಆಸ್ಪತ್ರೆಗೆ ತೋರಿಸಲಿ.

ಏನನ್ನು ನೋಡಬೇಕು ಎಂದು ಕೇಳುತ್ತೀರಿ. ಹಾಲು ಕುಡಿಯುವುದನ್ನು ನೋಡಿ. ಆರೋಗ್ಯವಾಗಿರುವ ಕೂಸು ಎದೆಗೆ ಹತ್ತಿದರೆ ಹೊಟ್ಟೆ ತುಂಬುವವರೆಗೆ ಬಿಡುವುದಿಲ್ಲ. ಶ್ವಾಸಕೋಶ ರಕ್ತದಿಂದ ತುಂಬಿ ಭಾರವಾದ ಕೂಸು ನಾಲ್ಕು ಸಲ ಚೀಪುತ್ತದೆ, ಬಿಡುತ್ತದೆ, ಬಾಯಿ ತೆರೆದು ದಮ್ಮು ತೆಗೆದುಕೊಳ್ಳುತ್ತದೆ, ಮತ್ತೆ ನಾಲ್ಕು ಸಲ ಚೀಪುತ್ತದೆ. ಹಣೆಯ ಮೇಲೆ, ತಲೆಗೂದಲ ಬುಡದಲ್ಲಿ ಬೆವರು ಮೂಡುತ್ತದೆ, ಮಾರ್ಗಶಿರದ ಚಳಿಯಲ್ಲೂ. ಅರ್ಧ ಹೊಟ್ಟೆಗೇ ದಣಿದು ನಿದ್ದೆ ಹೋಗುತ್ತದೆ, ಅರ್ಧ ತಾಸಿಗೆ ಹಸಿದು ಅಳುತ್ತದೆ. ‘ಹಾಲು ಸಾಲುತ್ತಿಲ್ಲ’ ಎಂದು ತಾಯಿಯನ್ನು ದೂರುತ್ತಾರೆ. ತಾಯಿಯ ಎದೆಯಲ್ಲಿ ಹಾಲಿದೆ, ಕೂಸಿಗೆ ಕುಡಿಯುವಷ್ಟು ಉಸಿರಿಲ್ಲ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕೂಸು ನಿದ್ದೆಯಲ್ಲಿರುವಾಗ ಅಂಗಿ ಎತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ಬಿರುಸು ಉಸಿರು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತ ಕೂರುವುದೂ ಬೇಡ, 108ಕ್ಕೆ ಕರೆ ಮಾಡಿ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರದೆ ಅಡ್ಡಡ್ಡ ಹೋಗುತ್ತಿದ್ದರೆ, ಮೇಲಿಂದ ಮೇಲೆ ನಿಮೋನಿಯಾ ಆಗುತ್ತಿದ್ದರೆ, ಹೃದಯವನ್ನು ಒಮ್ಮೆ ಪರೀಕ್ಷಿಸಲೇಬೇಕು.

ಇದನ್ನು ದೃಷ್ಟಿ ಎಂದು, ಬಾಲಗ್ರಹ ಎಂದು ಎದೆ-ಹೊಟ್ಟೆಗೆ ಬರೆ ಹಾಕಿಸಿ ಆಮೇಲೆ ನಮ್ಮಲ್ಲಿಗೆ ತಂದ ಕೂಸುಗಳನ್ನು ನೋಡಿದ್ದೇನೆ. ಉಸಿರಿಗೆ ಕಷ್ಟಪಡುತ್ತಿರುವ ಜೀವಕ್ಕೆ ಸುಟ್ಟಗಾಯವೂ ಸೇರಿರುತ್ತದೆ. ಕೈಮುಗಿದು ಕೇಳುತ್ತೇನೆ, ಬರೆ ಬೇಡ. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದನ್ನೂ ಬಿಡಿ. ಅದು ಯಾವ ಕೂಸಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಇಂಥ ಕೂಸಿಗಂತೂ ವಿಷ.

ಈಗ ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ದೊಡ್ಡ ತೂತಿರುವ ಮಗು ವರ್ಷ, ಎರಡು ವರ್ಷ ಕಳೆದ ಮೇಲೆ ಒಮ್ಮೊಮ್ಮೆ ತಾನಾಗಿಯೇ ‘ಅರಾಮ’ ಆಗುತ್ತದೆ. ದಮ್ಮು ಕಡಿಮೆಯಾಗುತ್ತದೆ, ನಿಮೋನಿಯಾ ಬರುವುದಿಲ್ಲ, ಮೈ ಸ್ವಲ್ಪ ತುಂಬುತ್ತದೆ. ಮನೆಯಲ್ಲಿ ಸಂತೋಷ. ಕೆಲವು ಮಕ್ಕಳಲ್ಲಿ ತೂತು ನಿಜಕ್ಕೂ ಕಿರಿದಾಗಿರಬಹುದು. ಆದರೆ ಇನ್ನು ಕೆಲವರಲ್ಲಿ ಈ ಆರಾಮಕ್ಕೆ ಕಾರಣವೇ ಬೇರೆ: ಶ್ವಾಸಕೋಶದ ನಾಳಗಳು ಬಿರುಸಾಗಿ ರಕ್ತವನ್ನು ಒಳಗೆ ಬಿಡದೆ ತಡೆಯತೊಡಗಿವೆ. ರಕ್ತದ ನುಗ್ಗು ಕಡಿಮೆಯಾಯಿತು, ಆದ್ದರಿಂದ ದಮ್ಮು ಕಡಿಮೆಯಾಯಿತು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಹೇಳಬೇಕೇ ಹೊರತು ಕಣ್ಣಂದಾಜು ಹೇಳಲಾರದು.

ಬನಹಟ್ಟಿಯ ನೇಕಾರ ಕುಟುಂಬವೊಂದು ಕಾಲೇಜಿಗೆ ಹೋಗುವ ಮಗಳನ್ನು ನನ್ನ ಬಳಿ ಕರೆತಂದಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿದೆ ಎಂಬುದು ದೂರು. ಅವಳ ಕೈ ಹಿಡಿದು ನೋಡಿದೆ. ಉಗುರುಗಳು ನೇರಳೆ ಬಣ್ಣ, ಬೆರಳ ತುದಿಗಳು ಉಬ್ಬಿ ದುಂಡಗಾಗಿದ್ದವು. ತುಟಿಯೂ ಹಾಗೆಯೇ. ಅಪ್ಪ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದರು. ಮಡಿಕೆಯ ಜಾಗದಲ್ಲಿ ಹರಿದು, ಟೇಪು ಅಂಟಿಸಿದ ಹಳೆಯ ಎಕೋ ವರದಿ, ಮಗುವಿಗೆ ವರ್ಷ ತುಂಬುವ ಮೊದಲಿನದು. ದೊಡ್ಡ ತೂತು, ಬೇಗ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. “ಸಣ್ಣಾಕಿದ್ದಾಗ ಭಾಳ ತ್ರಾಸ ಆಗಿತ್ರಿ. ನಾಕ ವರ್ಷದಾಕಿ ಆದ ಮ್ಯಾಲ ಒಮ್ಮೀನೂ ದವಾಖಾನಿಗಿ ಬಂದಿಲ್ರಿ, ದೇವ್ರು ಕಣ್ ಬಿಟ್ಟಾನ ಅಂದ್ಕೊಂಡ್ವಿ” ಎಂದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆ ಕಾಗದವನ್ನು ಅಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದರು. ನಾಲ್ಕನೆಯ ವರ್ಷದ ಆ ಆರಾಮ ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಬೆಂಗಳೂರಿನ ಹೃದಯ ತಜ್ಞರು ಪರೀಕ್ಷಿಸಿ, ಇನ್ನು ತೂತು ಮುಚ್ಚಲಾಗದು ಎಂದರು. ಅಪ್ಪನಿಗೆ ಅದು ಅರ್ಥವೇ ಆಗಲಿಲ್ಲ. ತೂತು ಅದೇ, ಆಪರೇಶನ್ನೂ ಅದೇ, ಈಗ ಯಾಕೆ ಆಗದು? ಶ್ವಾಸಕೋಶದ ಒತ್ತಡ ಮೈಯ ಒತ್ತಡವನ್ನೂ ಮೀರಿ ಏರಿತ್ತು. ಈಗ ರಕ್ತ ಎಡದಿಂದ ಬಲಕ್ಕಲ್ಲ, ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಶ್ವಾಸಕೋಶಕ್ಕೆ ಹೋಗದ, ಆಮ್ಲಜನಕವಿಲ್ಲದ ರಕ್ತ ನೇರ ಮೈಗೆ ಸೇರುತ್ತಿತ್ತು. ಅವಳು ನೀಲಿಯಾದದ್ದು ಆದ್ದರಿಂದ. ಈ ಸ್ಥಿತಿಯಲ್ಲಿ ತೂತು ಮುಚ್ಚಿದರೆ ಬಲಭಾಗದ ಹೃದಯಕ್ಕೆ ರಕ್ತ ನೂಕಲು ದಾರಿಯೇ ಉಳಿಯದೆ ಅದು ಸೋತುಹೋಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಐಸೆನ್‌ಮೆಂಗರ್ ಎಂಬ ವೈದ್ಯನ ಹೆಸರಿದೆ. 1897ರಲ್ಲಿ ಅವನು ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದ. ಮಾತ್ರೆಗಳಿಂದ ಕಷ್ಟ ಸ್ವಲ್ಪ ಹಗುರವಾಗುತ್ತದೆ, ರೋಗ ಹೋಗುವುದಿಲ್ಲ. ಹೆಣ್ಣಾದರೆ ಗರ್ಭ ಧರಿಸುವುದು ಅವಳ ಪ್ರಾಣಕ್ಕೇ ಎರವು. ಶೈಶವದಲ್ಲಿ ಮುಚ್ಚಿದ್ದರೆ ಆ ಹುಡುಗಿ ಇಂದು ತಂಗಿಯರೊಂದಿಗೆ ಜಾತ್ರೆಯಲ್ಲಿ ಓಡಾಡುತ್ತಿದ್ದಳು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ಬರೆಯದೆ ಇರಲಾರೆ.

ಹೆದರಿಸಿದೆ ಎಂದುಕೊಳ್ಳಬೇಡಿ. ಎಲ್ಲ ತೂತುಗಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕೆಳಕೋಣೆಗಳ ನಡುವಿನ ಸಣ್ಣ ತೂತುಗಳಲ್ಲಿ ಅನೇಕವು ಮಗು ಬೆಳೆದಂತೆ ತಾವೇ ಮುಚ್ಚಿಕೊಳ್ಳುತ್ತವೆ. ಮೇಲಿನ ಕೋಣೆಗಳ ನಡುವಿನ ತೂತಿದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದವರೆಗೆ ಕಾಯಬಹುದು. ಅಂಥ ಹಲವನ್ನು ಎದೆ ತೆರೆಯದೆ, ತೊಡೆಸಂದಿಯ ರಕ್ತನಾಳದಿಂದ ಸಣ್ಣ ಸಾಧನ ಕಳಿಸಿ ಮುಚ್ಚುತ್ತಾರೆ. ಕಾಯಬಾರದ್ದು ಕೆಳಕೋಣೆಗಳ ನಡುವಿನ ದೊಡ್ಡ ತೂತು, ಮತ್ತು ಹುಟ್ಟಿದ ಕೆಲ ದಿನಗಳಲ್ಲಿ ತಾನೇ ಮುಚ್ಚಿಕೊಳ್ಳಬೇಕಾದ ನಾಳ ದೊಡ್ಡದಾಗಿ ತೆರೆದೇ ಉಳಿದಿರುವುದು. ಇವನ್ನು ಹೆಚ್ಚಾಗಿ ಮೊದಲ ವರ್ಷದೊಳಗೇ, ದಮ್ಮು ಹೆಚ್ಚಿದ್ದರೆ ಮೂರರಿಂದ ಆರು ತಿಂಗಳೊಳಗೆ ಮುಚ್ಚಬೇಕು. ಡೌನ್ ಸಿಂಡ್ರೋಮ್ ಇರುವ ಕೂಸುಗಳ ಶ್ವಾಸಕೋಶ ಇನ್ನೂ ಬೇಗ ಕೆಡುತ್ತದೆ. ಅವಕ್ಕೆ ಹುಟ್ಟಿದ ಕೂಡಲೇ ಎಕೋ ಆಗಬೇಕು. ನಿಮ್ಮ ಕೂಸಿನದು ಯಾವ ತೂತು, ಎಷ್ಟು ದೊಡ್ಡದು, ಎಂದು ಮುಚ್ಚಬೇಕು, ಈ ಮೂರನ್ನು ವೈದ್ಯರಿಂದ ಕೇಳಿ ಚೀಟಿಯ ಮೇಲೆ ಕನ್ನಡದಲ್ಲೇ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು. ಅವರು ಕೊಡುವ ನೀರಿಳಿಸುವ ಔಷಧ ಶ್ವಾಸಕೋಶದ ಭಾರ ಇಳಿಸಿ ಶಸ್ತ್ರಚಿಕಿತ್ಸೆಯವರೆಗೆ ಕೂಸನ್ನು ತಲುಪಿಸುತ್ತದೆ, ತೂತನ್ನು ಮುಚ್ಚುವುದಿಲ್ಲ.

ಹುಟ್ಟಿನಿಂದಲೇ ನೀಲಿಯಾಗಿರುವ ಕೂಸುಗಳ ಕತೆ ಇದಕ್ಕೆ ತದ್ವಿರುದ್ಧ. ಅವುಗಳಲ್ಲಿ ಹೆಚ್ಚಿನವಕ್ಕೆ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಕಿರಿದಾಗಿರುತ್ತದೆ. ಅತ್ತಾಗ ಕಪ್ಪಿಡುವ, ನಾಲ್ಕು ಹೆಜ್ಜೆ ಓಡಿ ಕುಕ್ಕರಗಾಲಲ್ಲಿ ಕೂತುಬಿಡುವ ಮಗುವನ್ನು ಒಂದು ದಿನವೂ ತಡಮಾಡದೆ ತನ್ನಿ.

ಅಜ್ಜ-ಅಜ್ಜಿಯರೇ, ಇಷ್ಟು ಚಿಕ್ಕ ಹೃದಯವನ್ನು ತೆರೆದು ಹೊಲಿಯುವುದು ಹೇಗೆ ಸಾಧ್ಯ ಎಂಬ ನಿಮ್ಮ ಅಂಜಿಕೆ ಸಹಜ. 1954ರವರೆಗೆ ಜಗತ್ತಿನ ವೈದ್ಯರಿಗೂ ಅದೇ ಅಂಜಿಕೆಯಿತ್ತು. ಹೃದಯ ಹೊಲಿಯುವಷ್ಟು ಹೊತ್ತು ಕೂಸಿನ ಮೈಗೆ ರಕ್ತ ನೂಕುವವರು ಯಾರು? ಆ ವರ್ಷ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯ ಒಂದು ಕೂಸಿನ ಅಪ್ಪನನ್ನು ಪಕ್ಕದ ಮೇಜಿನ ಮೇಲೆ ಮಲಗಿಸಿ, ಅವನ ರಕ್ತನಾಳಗಳನ್ನು ಕೂಸಿನ ರಕ್ತನಾಳಗಳಿಗೆ ಕೊಳವೆಯಿಂದ ಜೋಡಿಸಿದ. ಅಪ್ಪನ ಹೃದಯ, ಅಪ್ಪನ ಶ್ವಾಸಕೋಶ ಮಗುವಿಗೂ ದುಡಿದವು. ಅಷ್ಟರಲ್ಲಿ ಮಗುವಿನ ಹೃದಯದ ತೂತನ್ನು ಹೊಲಿದರು. ಆ ಮೊದಲ ಕೂಸು ಕೆಲ ದಿನಗಳ ಮೇಲೆ ನಿಮೋನಿಯಾದಿಂದ ತೀರಿಕೊಂಡಿತು. ಆದರೂ ಬೇರೆ ತಂದೆ-ತಾಯಿಯರು ಮುಂದೆ ಬಂದರು. ಹೀಗೆ ಚಿಕಿತ್ಸೆಯಾದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಇಂದು ಆ ಕೆಲಸವನ್ನು ಹೃದಯ-ಶ್ವಾಸಕೋಶ ಯಂತ್ರ ಮಾಡುತ್ತದೆ. ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ಕೆಲವೇ ಕಿಲೋ ತೂಕದ ಕೂಸುಗಳಿಗೂ ಇದು ದಿನನಿತ್ಯದ ಕೆಲಸವಾಗಿದೆ.

ಖರ್ಚಿನ ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯದ ಹುಟ್ಟುದೋಷ ಅವರು ನೋಡಲೇಬೇಕಾದ ಪಟ್ಟಿಯಲ್ಲಿದೆ. ತಂಡ ಬರುವ ದಿನ ಮಗುವನ್ನು ಹೊಲಕ್ಕೆ, ಸಂತೆಗೆ ಕರೆದೊಯ್ಯಬೇಡಿ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಕೋ ಪರೀಕ್ಷೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಆಗುತ್ತದೆ. ಶಸ್ತ್ರಚಿಕಿತ್ಸೆಗೆ ಬೆಳಗಾವಿಯ ಪ್ರಭಾಕರ ಕೋರೆ ಆಸ್ಪತ್ರೆ, ಬೆಂಗಳೂರಿನ ಜಯದೇವ ಸಂಸ್ಥೆ ಇವೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ತೆರೆದ ಸತ್ಯಸಾಯಿ ಆಸ್ಪತ್ರೆಯಲ್ಲಿ ಬಿಲ್ಲೇ ಇಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಶಿಫಾರಸು ಪತ್ರ ಮಾಡಿಸಿಕೊಳ್ಳಿ. ಗೊಂದಲವಾದರೆ 104ಕ್ಕೆ ಫೋನ್ ಮಾಡಿ ಕೇಳಿ. ಹೊಲ ಒತ್ತೆ ಇಡುವ ಮುನ್ನ, ಬಡ್ಡಿಗೆ ಸಾಲ ತರುವ ಮುನ್ನ ಇಷ್ಟನ್ನು ವಿಚಾರಿಸಿ.

ಕೂಸು ಹೀಗೆ ಹುಟ್ಟಿತೆಂದು ತಾಯಿಯನ್ನು ದೂರುವುದನ್ನು ನಿಲ್ಲಿಸಬೇಕು. ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಹೃದಯದಲ್ಲಿ ತೂತಾಗುವುದಿಲ್ಲ. ಗರ್ಭದ ಮೊದಲ ಎರಡು ತಿಂಗಳಲ್ಲೇ, ಅನೇಕರಿಗೆ ತಾವು ಬಸುರಿಯೆಂದು ಖಚಿತವಾಗುವ ಹೊತ್ತಿಗೇ, ಹೃದಯ ರೂಪುಗೊಂಡಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ತೋರಿಸಲಾಗುವುದಿಲ್ಲ. ತೋರಿಸಬಹುದಾದ ಕಾರಣಗಳಲ್ಲಿ ಒಂದು ನಮ್ಮ ಮನೆಗಳಿಗೆ ಹತ್ತಿರದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಅಕ್ಕನ ಮಗಳು, ಅತ್ತೆಯ ಮಗಳು, ಮಾವನ ಮಗಳು. ಮೈಸೂರಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು ಇಂಥ ಮದುವೆಗಳ ಮಕ್ಕಳಲ್ಲಿ ಹೃದಯದ ಹುಟ್ಟುದೋಷ ಹೆಚ್ಚು ಎಂದು ಕಂಡುಕೊಂಡಿದೆ. ಆಸ್ತಿ ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗೆ ಇರಬೇಕು ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಮುಂದಿನ ಮದುವೆಗಳ ಮಾತುಕತೆಯಲ್ಲಿ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದಷ್ಟೇ ಕೇಳುತ್ತೇನೆ. ಆಗಲೇ ಅಂಥ ಮದುವೆಯಾಗಿದ್ದರೆ ಬಸುರಿಗೆ 18ರಿಂದ 20ನೇ ವಾರದಲ್ಲಿ ಕೂಸಿನ ಹೃದಯ ನೋಡುವ ಸ್ಕ್ಯಾನ್ ತಪ್ಪದೆ ಮಾಡಿಸಿ. ಬಸುರಿಗೆ ರುಬೆಲ್ಲಾ ಸೋಂಕು ತಗುಲಿದರೂ ಕೂಸಿನ ಹೃದಯ ಕೆಡಬಹುದು. ಗಂಡಾಗಲಿ ಹೆಣ್ಣಾಗಲಿ ಮಕ್ಕಳಿಗೆ ಎಂ.ಆರ್. (ದಡಾರ-ರುಬೆಲ್ಲಾ) ಲಸಿಕೆ ತಪ್ಪಿಸಬೇಡಿ.

ಹೆಣ್ಣುಕೂಸುಗಳ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ‘ಎದೆ ಮೇಲೆ ಗೀರು ಉಳಿದರೆ ನಾಳೆ ಯಾರು ಲಗ್ನ ಆಗ್ತಾರ’ ಎಂದು ಶಸ್ತ್ರಚಿಕಿತ್ಸೆ ಬೇಡವೆಂದವರಿದ್ದಾರೆ. ಗಂಡುಮಗುವಿಗೆ ಬೆಂಗಳೂರಿಗೆ ಓಡುವ ಮನೆ ಹೆಣ್ಣುಮಗುವಿಗೆ ‘ಮುಂದಿನ ವರ್ಷ’ ಎನ್ನುವುದನ್ನೂ ಕಂಡಿದ್ದೇನೆ. ಇದು ಅನ್ಯಾಯ. ಗೀರು ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ. ಸಮಯಕ್ಕೆ ತೂತು ಮುಚ್ಚಿದ ಹೆಣ್ಣುಮಕ್ಕಳು ಮದುವೆಯಾಗಿ, ಹೆತ್ತು, ಹೊಲ-ಮಗ್ಗದ ಕೆಲಸ ಮಾಡಿಕೊಂಡು ಎಲ್ಲರಂತೆ ಬಾಳುತ್ತಾರೆ.

ಮಗ್ಗದ ಮಾಲೀಕರಿಗೂ ಕಬ್ಬಿನ ಗದ್ದೆಯ ಯಜಮಾನರಿಗೂ ಒಂದು ವಿನಂತಿ. ಮಗ್ಗ ನಿಂತ ದಿನ ನೇಕಾರನಿಗೆ ಕೂಲಿಯಿಲ್ಲ. ಎಕೋ ಮಾಡಿಸಲು ಒಂದು ದಿನ, ಶಸ್ತ್ರಚಿಕಿತ್ಸೆಗೆ ಎರಡು-ಮೂರು ವಾರ ಅವನು ಊರು ಬಿಡಬೇಕಾಗುತ್ತದೆ. ಮರಳಿ ಬಂದಾಗ ಅವನ ಕೆಲಸ ಅವನಿಗೇ ಇರಲಿ. ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಕೂಸುಗಳು ನಿಮ್ಮ ಹೊಲದ ಬದುವಿನ ಮೇಲೆ, ಜೋಳಿಗೆಯಲ್ಲಿ ಮಲಗಿರುತ್ತವೆ. ಅವರ ಊರಿನ ಅಂಗನವಾಡಿ ಅವುಗಳಿಗೆ ದೂರ, ನಿಮ್ಮ ಊರಿನದರ ಪಟ್ಟಿಯಲ್ಲಿ ಹೆಸರಿಲ್ಲ. ಹಂಗಾಮು ಶುರುವಾದ ವಾರವೇ ಆಶಾ ಕಾರ್ಯಕರ್ತೆಗೆ ಹೇಳಿ ಕಳಿಸಿ, ಅವರ ಮಕ್ಕಳನ್ನೂ ತೋರಿಸಿ.

ಅಂಗನವಾಡಿ ಮತ್ತು ಆಶಾ ಅಕ್ಕಂದಿರೇ, ಮೇಲಿನ ಆಸ್ಪತ್ರೆಗೆ ಚೀಟಿ ಬರೆದ ಮಗು ನಿಜವಾಗಿ ಅಲ್ಲಿಗೆ ಹೋಯಿತೇ ಎಂದು ಒಂದು ತಿಂಗಳ ಮೇಲೆ ಮನೆಗೆ ಹೋಗಿ ಕೇಳುವವರು ನೀವು ಮಾತ್ರ. ನಿಮ್ಮ ಮೇಲಿರುವ ಕೆಲಸದ ಹೊರೆ ಬಲ್ಲೆ. ಈ ಒಂದು ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

ತಾಯಿ-ತಂದೆಯರೇ, ನಿಮ್ಮ ಮನೆಯ ಟ್ರಂಕಿನಲ್ಲೋ ಕಪಾಟಿನಲ್ಲೋ ಮಗುವಿನ ಹಳೆಯ ಎಕೋ ಕಾಗದವಿದ್ದರೆ ಇಂದೇ ತೆಗೆದು ಅದರ ಮೇಲಿನ ತಾರೀಖು ನೋಡಿ. ಮಗು ಈಗ ಓಡಿಯಾಡಿಕೊಂಡು ಚೆನ್ನಾಗಿದ್ದರೂ, ವೈದ್ಯರು ಮತ್ತೆ ಬನ್ನಿ ಎಂದಿದ್ದ ದಿನ ದಾಟಿಹೋಗಿದ್ದರೆ, ಆ ಕಾಗದ ಮತ್ತು ಮಗು ಎರಡನ್ನೂ ಈ ವಾರವೇ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಕ್ಕಳ ವೈದ್ಯ
ಜಮಖಂಡಿ